ಮೈಮೇಲೆ ಬಂದ ಪಾತ್ರ

ಮಾಗಡಿ ಕಡೆಯ ಹಳ್ಳಿಯೊಂದರ ಹಳೆಯ ತೊಟ್ಟಿಮನೆ. ರಾತ್ರಿ ಎರಡೂವರೆ ಗಂಟೆ. ಕಾಲೇಜಿನ ರಂಗತಂಡದಿಂದ ಬಂದ ಹುಡುಗಿಯೊಬ್ಬಳು ಕಂಬಕ್ಕೆ ಒರಗಿ ಕೂತಿದ್ದಳು. ಗೆಳೆಯರೇ ಕೈಯಿಂದ ದುಡ್ಡು ಹಾಕಿ ಮಾಡುತ್ತಿದ್ದ ಕಿರುಚಿತ್ರದಲ್ಲಿ ಅವಳು ದೆವ್ವ. ಮುಖಕ್ಕೆ ಬಳಿದ ಬಿಳಿ ಬಣ್ಣ ಬೆವರಿಗೆ ಬಿರುಕು ಬಿಟ್ಟಿತ್ತು. ಕಣ್ಣಿಗೆ ಹಾಕಿದ ಬಿಳಿ ಲೆನ್ಸಿನಿಂದ ಎದುರಿಗಿದ್ದ ಲೈಟೂ ಮಂಜುಮಂಜು. ಅದೇ ಶಾಟ್ ಆಗಲೇ ಹನ್ನೊಂದು ಸಲ ತೆಗೆದಿದ್ದರು. ಹನ್ನೆರಡನೆಯದಕ್ಕೆ ಕರೆದಾಗ ಎದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟು ಮೂರು ಸಲ ನಿಧಾನವಾಗಿ ಉಸಿರು ಬಿಟ್ಟಳು, ಆಮೇಲೆ ಕಿರುಚಿದಳು. ಕೊಟ್ಟಿಗೆಯಲ್ಲಿ ಮಲಗಿದ್ದ ದನಗಳು ಎದ್ದು ನಿಂತವು.

ನಾನು ಹುಟ್ಟಿದ್ದು ಕನಕಪುರದ ಸೀಮೆಯಲ್ಲಿ, ಕಬ್ಬಾಳಮ್ಮನ ಒಕ್ಕಲಿನ ಮನೆಯಲ್ಲಿ. ಮೈಮೇಲೆ ಬರುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಹಬ್ಬದ ದಿನ ತಮಟೆ ಜೋರಾಗುತ್ತಿದ್ದಂತೆ ನಿಂತಿದ್ದ ಹೆಂಗಸೊಬ್ಬಳ ಭುಜ ಅದುರುತ್ತದೆ, ತುರುಬು ಬಿಚ್ಚಿಕೊಳ್ಳುತ್ತದೆ. ತಕ್ಷಣ ಇಬ್ಬರು ರಟ್ಟೆ ಹಿಡಿಯುತ್ತಾರೆ. ಒಬ್ಬರು ಬೇವಿನ ಸೊಪ್ಪು ಕೊಡುತ್ತಾರೆ, ಮತ್ತೊಬ್ಬರು ಅರಿಶಿನದ ನೀರು ತರುತ್ತಾರೆ. ಹಿರಿಯರೊಬ್ಬರು ಎದುರು ನಿಂತು ಮೊದಲು ಕೇಳುವುದು ಒಂದೇ ಮಾತು: ಯಾರು ನೀನು, ಹೆಸರು ಹೇಳು. ಬಂದದ್ದು ಇಳಿಯುವ ತನಕ ಅವಳನ್ನು ಒಬ್ಬಳನ್ನೇ ಬಿಡುವುದಿಲ್ಲ. ಇಳಿದ ಮೇಲೆ ಜಗಲಿಯಲ್ಲಿ ಮಲಗಿಸಿ, ಕುಡಿಯಲು ಏನಾದರೂ ಕೊಟ್ಟು, ಅವಳ ಪಾಡಿಗೆ ಅವಳನ್ನು ಬಿಡುತ್ತಾರೆ.

ಹಾರರ್ ಚಿತ್ರದ ನಟಿ ಇದನ್ನೇ ಸಂಬಳಕ್ಕೆ ಮಾಡುತ್ತಾಳೆ. ಆಕ್ಷನ್ ಎಂದಾಗ ಬರಬೇಕು, ಕಟ್ ಎಂದಾಗ ಇಳಿಯಬೇಕು, ಲೈಟು ಸರಿಸಿ ಮತ್ತೆ ಆಕ್ಷನ್ ಎಂದರೆ ಮತ್ತೆ ಬರಬೇಕು. ರಟ್ಟೆ ಹಿಡಿಯುವವರು ಅಲ್ಲಿಲ್ಲ. ನಮ್ಮ ಚಿತ್ರರಂಗದಲ್ಲಿ ಇಷ್ಟು ಮೈಮುರಿಯುವ ಕಸುಬಿಗೆ ಸಿಗುವ ಮರ್ಯಾದೆ ಬಹಳ ಕಡಿಮೆ ಎಂಬುದು ನನ್ನ ಬಹುದಿನದ ಸಂಕಟ.

ರಾಮನಗರ ಎಂದರೆ ಎಲ್ಲರಿಗೂ ‘ಶೋಲೆ’ಯ ಗಬ್ಬರ್ ನೆನಪಾಗುತ್ತಾನೆ. ನನಗೆ ನೆನಪಾಗುವುದು ಜೂಡಿ ಡೇವಿಸ್. ಇ. ಎಂ. ಫಾರ್ಸ್ಟರ್ 1924ರಲ್ಲಿ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದಾಗ, ಕತೆಯ ಮರಬಾರ್ ಗುಹೆಗಳಿಗೆ ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ ಆರಿಸಿಕೊಂಡರು. ಗುಹೆಯ ಬಾಯಿಗಳನ್ನು ಚಿತ್ರಕ್ಕಾಗಿಯೇ ಬಂಡೆಯಲ್ಲಿ ಕೊರೆಸಿದರು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡಾಗಿ ನಿಂತ ಸಾವನದುರ್ಗದ ಕಲ್ಲಿನ ರಾಶಿ 1226 ಮೀಟರ್ ಎತ್ತರದ್ದು. ಅದರ ಹೆಸರಿನಲ್ಲೇ ಸಾವಿದೆ ಎನ್ನುವವರೂ ಇದ್ದಾರೆ.

ಲೀನ್ ಮಾಡಿದ್ದು ದೆವ್ವದ ಚಿತ್ರವಲ್ಲ. ಆದರೂ ಒಬ್ಬ ನಟಿ ಭಯವನ್ನು ಹೇಗೆ ಕಟ್ಟುತ್ತಾಳೆ ಎಂದು ತಿಳಿಯಬೇಕಾದವರು ಆ ಗುಹೆಯ ದೃಶ್ಯ ನೋಡಬೇಕು. ಕತ್ತಲಲ್ಲಿ ಡೇವಿಸ್ ನಟಿಸಿದ ಅಡೆಲಾ ಬೆಂಕಿಕಡ್ಡಿ ಗೀರುತ್ತಾಳೆ. ಹೊರಗಿನಿಂದ ಯಾರೋ ಕರೆದ ದನಿ ಒಳಗೆ ಮಾರ್ದನಿಯಾಗಿ ಸುತ್ತುತ್ತದೆ. ಅವಳು ಕಿರುಚುವುದಿಲ್ಲ, ಕಡ್ಡಿ ಆರಿಸುತ್ತಾಳೆ. ಆಮೇಲೆ ನಾವು ಕಾಣುವುದು ಬಂಡೆಯ ಇಳಿಜಾರಿನಲ್ಲಿ ಪಾಪಾಸುಕಳ್ಳಿಯ ನಡುವೆ ಉರುಳಿಬೀಳುವಂತೆ ಓಡುವ, ಮುಳ್ಳಿಗೆ ಮೈ ಗೀರಿಕೊಂಡ ಹೆಂಗಸನ್ನು. ಒಳಗೆ ಏನಾಯಿತು ಎಂಬುದನ್ನು ಚಿತ್ರ ಹೇಳುವುದೇ ಇಲ್ಲ. ಆದದ್ದೆಲ್ಲ ಆ ಮುಖದ ಮೇಲೆ ಆಗಬೇಕು, ಆಯಿತು. ಡೇವಿಸ್ ಹೆಸರು ಆಸ್ಕರ್ ನಾಮನಿರ್ದೇಶನಕ್ಕೆ ಹೋಯಿತು.

ಕನ್ನಡದಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿ ಹೆದರಿಸಿದ ಚಿತ್ರವೆಂದರೆ 1979ರ ‘ನಾ ನಿನ್ನ ಬಿಡಲಾರೆ’. ಅನಂತನಾಗ್ ಮೈ ಹೊಕ್ಕ ಕಾಮಿನಿ, ಗಂಡನನ್ನು ಬಿಡಿಸಿಕೊಳ್ಳಲು ಹೋರಾಡುವ ಹೆಂಡತಿಯಾಗಿ ಲಕ್ಷ್ಮಿ. ಕಾಮಿನಿಯಾದವರು ಕೆ. ವಿಜಯಾ. ನಮ್ಮಮ್ಮನ ವಾರಿಗೆಯವರಿಗೆ ಇವತ್ತಿಗೂ ಆ ನಗು ನೆನಪಿದೆ, ನಕ್ಕವರ ಹೆಸರು ಕೇಳಿದರೆ ಯೋಚಿಸುತ್ತಾರೆ. ದೆವ್ವವಾದವಳ ಪಾಡು ಬಹಳ ಸಲ ಇಷ್ಟೇ.

ಹೆಸರು ಉಳಿದದ್ದು ಸೌಂದರ್ಯ ಅವರದು. ಮುಳಬಾಗಿಲು ಕಡೆಯ ಈ ಹೆಣ್ಣುಮಗಳು ತಾರೆಯಾಗಿ ಮೆರೆಯುತ್ತಿದ್ದಾಗಲೇ ಸ್ವಂತ ದುಡ್ಡು ಹಾಕಿ, ನಾ. ಡಿಸೋಜರ ಕತೆಯ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಅವರಿಂದ ಮಾಡಿಸಿದರು. ಮುಳುಗುವ ಊರು ಬಿಡದ ನಾಗಿಯಾಗಿ ತಾವೇ ನಟಿಸಿದರು. ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. ಆಮೇಲೆ ಬಂದದ್ದು ‘ಆಪ್ತಮಿತ್ರ’ದ ನಾಗವಲ್ಲಿ. ಒಬ್ಬಳು ಮಳೆಯಲ್ಲಿ ನೆನೆಯುತ್ತ ಮಾತೇ ಕಡಿಮೆಯಾದವಳು, ಇನ್ನೊಬ್ಬಳು ರಾಜನರ್ತಕಿ. ಎರಡೂ ಒಂದೇ ಮೈಯಿಂದ ಬಂದವು ಎಂಬುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ.

‘ಆಪ್ತಮಿತ್ರ’ದಲ್ಲಿ ತಾನೇ ನಾಗವಲ್ಲಿ ಎಂದುಕೊಳ್ಳುವ ಗಂಗಾಳಿಗೆ ಹಿಡಿದಿರುವುದು ದೆವ್ವವಲ್ಲ, ಮನಸ್ಸಿನ ಕಾಯಿಲೆ. ಆದ್ದರಿಂದ ನಟಿಗೆ ಮೇಕಪ್ಪಿನ ಆಸರೆ ಕಡಿಮೆ. ಗಂಡ ಹೊರಗೆ ಹೋಗುವುದು ಬೇಡ ಎನ್ನುವ ದೃಶ್ಯ ನೋಡಿ. ಮೊದಲು ಸಾಮಾನ್ಯ ಹೆಂಡತಿಯ ಮುನಿಸು. ಆಮೇಲೆ ಉಸಿರು ಭಾರವಾಗುತ್ತದೆ, ರೆಪ್ಪೆ ಬಡಿಯುವುದು ನಿಲ್ಲುತ್ತದೆ. ಮಂಚ ಎತ್ತುವ ಹೊತ್ತಿಗೆ ಕುತ್ತಿಗೆಯ ನರ, ಬಿಗಿದ ದವಡೆ, ಎಲ್ಲ ಬೇರೆ ಯಾರದೋ. ಗಂಡ ಹೆಸರು ಹಿಡಿದು ಕೂಗಿದಾಗ ಬಂದದ್ದು ಒಂದೇ ಕ್ಷಣದಲ್ಲಿ ಇಳಿಯುತ್ತದೆ, ಉಳಿಯುವುದು ಏನೂ ತಿಳಿಯದೆ ನಿಂತ ಗಂಗಾ. ಏರುವುದನ್ನು ಅನೇಕರು ಮಾಡಿ ತೋರಿಸುತ್ತಾರೆ. ಹೀಗೆ ಇಳಿಯುವುದನ್ನು ಮಾಡಿ ತೋರಿಸಿದವರು ಬಹಳ ಕಡಿಮೆ. ಕತೆಯಲ್ಲಾದರೂ ಅವಳನ್ನು ಇಳಿಸಲು ವೈದ್ಯನಾಗಿ ವಿಷ್ಣುವರ್ಧನ್ ಇದ್ದರು, ಆಚಾರ್ಯರಾಗಿ ಅವಿನಾಶ್ ಇದ್ದರು.

2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಹೊರಟ ವಿಮಾನ ಬಿದ್ದು ಸೌಂದರ್ಯ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಥಿಯೇಟರಿನಲ್ಲಿ ‘ರಾ ರಾ’ ಹಾಡಿಗೆ ಶಿಳ್ಳೆ ಬೀಳುವಾಗ ನನ್ನ ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಈ ಕಸುಬಿನ ಅರ್ಧ ಭಾಗ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಬೀಳುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಬಹಳ ಜನರಿಗೆ ನೆನಪಿರಬೇಕು. ರಾತ್ರಿ ದೆವ್ವವೊಂದು ಬಾಗಿಲು ತಟ್ಟುತ್ತದೆ, ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಎಂಬ ಸುದ್ದಿ. ನಮ್ಮ ಮನೆಯ ಬಾಗಿಲಿಗೆ ಇದ್ದಿಲಿನಲ್ಲಿ ಬರೆದವಳು ನಮ್ಮಕ್ಕ. ಆ ದೆವ್ವಕ್ಕೆ ಮುಖವಿರಲಿಲ್ಲ, ಸೀರೆಯ ಬಣ್ಣ ಯಾರಿಗೂ ಗೊತ್ತಿರಲಿಲ್ಲ. ಬರೀ ಒಂದು ದನಿ ಊರೂರನ್ನೇ ಹೆದರಿಸಿತು.

ಸಿನಿಮಾದಲ್ಲೂ ದನಿಯೇ ದೊಡ್ಡದು. ‘ಆಪ್ತಮಿತ್ರ’ಕ್ಕೆ ಮೂಲವಾದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ನಲ್ಲಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಗಂಗಾಳಿಗೆ ದನಿ ಕೊಟ್ಟವರು ಭಾಗ್ಯಲಕ್ಷ್ಮಿ, ನಾಗವಲ್ಲಿಗೆ ದನಿ ಕೊಟ್ಟವರು ದುರ್ಗಾ. ದುರ್ಗಾ ಅವರ ಹೆಸರು ಹೊರಬಂದದ್ದು ಎರಡು ದಶಕಗಳ ಮೇಲೆ, ನಿರ್ದೇಶಕ ಫಾಜಿಲ್ ಬಾಯಿಂದ. ಒಂದು ಪಾತ್ರಕ್ಕೆ ಮೂವರು ಹೆಂಗಸರ ಮೈ ಮತ್ತು ಗಂಟಲು ಬೇಕಾಯಿತು.

ಕಿರುಚುವುದೂ ಕಲಿಯಬೇಕಾದ ವಿದ್ಯೆ. ಗಂಟಲಿನಿಂದ ಕಿರುಚಿದರೆ ನಾಲ್ಕನೆಯ ಟೇಕಿಗೆ ದನಿ ಒಡೆಯುತ್ತದೆ. ಉಸಿರು ಹೊಟ್ಟೆಯಿಂದ ಏಳಬೇಕು, ಗಂಟಲು ಸಡಿಲವಾಗಿರಬೇಕು. ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸುತ್ತಿದ್ದ ಕಂಪನಿ ನಾಟಕದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಇದಕ್ಕಿಂತ ಕಷ್ಟದ್ದು ಭಯದ ಅಳತೆ. ಚಿತ್ರೀಕರಣ ಕತೆಯ ಕ್ರಮದಲ್ಲಿ ನಡೆಯುವುದಿಲ್ಲ. ಕೊನೆಯ ದೃಶ್ಯ ಮೊದಲ ದಿನ, ಮೊದಲ ಅನುಮಾನ ಕೊನೆಯ ದಿನ. ಯಾವ ದೃಶ್ಯದಲ್ಲಿ ಎಷ್ಟು ಹೆದರಿದ್ದೆ ಎಂಬುದನ್ನು ನಟಿ ಸಾಂಬಾರಿಗೆ ಉಪ್ಪು ಹಾಕುವಷ್ಟು ಹದವಾಗಿ ನೆನಪಿಡಬೇಕು. ಮೊದಲೇ ಪೂರ್ತಿ ಹೆದರಿದರೆ ಮುಂದಕ್ಕೆ ಏನೂ ಉಳಿಯುವುದಿಲ್ಲ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಚಿತ್ರದಲ್ಲಿ ಶ್ರದ್ಧಾ ಶ್ರೀನಾಥ್ ಇದನ್ನು ಎಷ್ಟು ಜಾಣತನದಿಂದ ನಿಭಾಯಿಸಿದ್ದಾರೆ! ವಕೀಲಿ ಬಿಟ್ಟು ಬಂದ ಹುಡುಗಿ ಅವರು. ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿರುವ ರಚನಾಳಿಗೆ ಮೊದಲು ಇರುವುದು ಕುತೂಹಲ, ಆಮೇಲೆ ಗಾಬರಿ, ಆಮೇಲೆ ಇನ್ನೊಬ್ಬರ ಜೀವದ ಚಿಂತೆ, ಎಲ್ಲಕ್ಕೂ ಕೊನೆಗೆ ಭಯ. ಅದೇ ಚಿತ್ರದ ಮಾಯಾ ಆಗಿ ರಾಧಿಕಾ ಚೇತನ್ ಹೆದರಿಸುವುದಕ್ಕಿಂತ ಹೆಚ್ಚಾಗಿ ದುಃಖ ಹುಟ್ಟಿಸುತ್ತಾರೆ. ಅದಕ್ಕೂ ಮೊದಲು, 2013ರಲ್ಲಿ, ದೊಡ್ಡ ತಾರೆಯರಿಲ್ಲದೆ ಬಂದ ‘6-5=2’ ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬಂತೆ ಕತೆ ಹೇಳಿ ಗೆದ್ದಿತು. ಅಂಥ ಚಿತ್ರದಲ್ಲಿ ನಟಿಸುವುದು ಗೊತ್ತಾಗುವಂತೆ ನಟಿಸಿದರೂ ಕೆಟ್ಟಿತು. ಸಣ್ಣ ದುಡ್ಡಿನಲ್ಲಿ ಕನ್ನಡದ ಹುಡುಗ ಹುಡುಗಿಯರು ಹಾರರ್ ಮಾಡಲು ಧೈರ್ಯ ತಂದುಕೊಂಡದ್ದರಲ್ಲಿ ಈ ಚಿತ್ರದ ಪಾಲು ದೊಡ್ಡದು.

ರಾಮನಗರದ ಹೆದ್ದಾರಿಯ ಪಕ್ಕದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋದಾಗಲೆಲ್ಲ ನಾನು ಸೋಮನ ಕುಣಿತದ ಮುಖವಾಡಗಳ ಮುಂದೆ ನಿಲ್ಲುತ್ತೇನೆ. ಕೆಂಪು ಮುಖ, ಅರಳಿದ ಕಣ್ಣು. ಕುಣಿತ ಮುಗಿದ ಮೇಲೆ ಸೋಮನನ್ನು ಇಳಿಸಿ ಗುಡಿಯಲ್ಲಿಟ್ಟು ಕುಣಿದವನು ಮನೆಗೆ ಹೋಗುತ್ತಾನೆ. ನಟಿಗೆ ತನ್ನ ಮುಖವೇ ಸೋಮ. ಅದನ್ನು ಎಲ್ಲಿ ಇಳಿಸಿ ಇಡುವುದು?

ಮಾಗಡಿಯ ಆ ತೊಟ್ಟಿಮನೆಯಲ್ಲಿ ಕೆಲಸ ಮುಗಿದಾಗ ನಾಲ್ಕು ಗಂಟೆ. ಹುಡುಗರು ವೈರು ಸುತ್ತುತ್ತಿದ್ದರು. ಲೆನ್ಸು ತೆಗೆಸಿಕೊಂಡ ಹುಡುಗಿ ಕೆಂಪಾದ ಕಣ್ಣು ಮುಚ್ಚಿಕೊಂಡು ಮತ್ತೆ ಅದೇ ಕಂಬಕ್ಕೆ ಒರಗಿದಳು. ಕೈ ಇನ್ನೂ ನಡುಗುತ್ತಿತ್ತು. ಯಾರೂ ಅತ್ತ ನೋಡಲಿಲ್ಲ. ಅಷ್ಟರಲ್ಲಿ ಆ ಮನೆಯ ಅಜ್ಜಿ ಒಳಗಿನಿಂದ ಬಂದರು. ಅಂಗೈಯಲ್ಲಿ ಕಲ್ಲುಪ್ಪು, ನಾಲ್ಕು ಒಣಮೆಣಸಿನಕಾಯಿ.

“ಆವಾಗ್ನಿಂದ ಕಿರುಚ್ತಾನೇ ಇದ್ಯಲ್ಲವ್ವ, ಏಳು, ಇಂಗೆ ತಿರ್ಗು” ಎಂದರು.

ಮುಖದ ಮುಂದೆ ಮೂರು ಸುತ್ತು ನೀವಾಳಿಸಿ “ಉಗಿ” ಎಂದರು. ಹುಡುಗಿ ಮೂರು ಸಲ ಉಗಿದಳು. ಒಲೆಗೆ ಬಿದ್ದ ಉಪ್ಪು ಚಟಪಟ ಎಂದಿತು. ಮೆಣಸಿನಕಾಯಿಯ ಘಾಟಿಗೆ ಹುಡುಗರೆಲ್ಲ ಕೆಮ್ಮುತ್ತ ಅಂಗಳಕ್ಕೆ ಹೋದರು.

“ನೀರ್ ಕಾಯ್ಸಿವ್ನಿ, ಮೊಕ ತೊಳ್ಕೊ” ಎಂದ ಅಜ್ಜಿ ಚೊಂಬು ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತರು. ಬಿಳಿ ಬಣ್ಣ ಕರಗಿ ಬಚ್ಚಲ ಕಲ್ಲಿನ ಮೇಲೆ ಹರಿಯಿತು. ಸೆರಗು ಕೊಟ್ಟು ಮುಖ ಒರೆಸಿಕೊಳ್ಳಲು ಹೇಳಿ, ಗಲ್ಲ ಹಿಡಿದೆತ್ತಿ ನೋಡಿದರು.

“ನಿನ್ ಹೆಸ್ರೇನವ್ವ?”

ಹುಡುಗಿ ಹೇಳಿದಳು. ದನಿ ಒಡೆದುಹೋಗಿತ್ತು, ಅಜ್ಜಿಗೆ ಎರಡನೆಯ ಸಲ ಹೇಳಬೇಕಾಯಿತು.