ದಾರ ಎಳೆಯುವ ಕೈ ಚಾಪರ್: ತರಕಾರಿ ಹೆಚ್ಚುವುದಷ್ಟೇ ಅಲ್ಲ, ಇನ್ನೂ ಹತ್ತು ಉಪಯೋಗ

ಈಗ ಹೆಚ್ಚುಕಡಿಮೆ ಎಲ್ಲ ಮನೆಗಳ ಅಡುಗೆಮನೆಯಲ್ಲೂ ದಾರ ಎಳೆಯುವ ಒಂದು ಪುಟ್ಟ ಚಾಪರ್ ಇರುತ್ತದೆ. ಜಾತ್ರೆಯಲ್ಲೋ ಪಾತ್ರೆ ಅಂಗಡಿಯಲ್ಲೋ ಕೊಂಡದ್ದು, ಇಲ್ಲವೇ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದದ್ದು. ಮೊದಲ ವಾರ ಉತ್ಸಾಹದಿಂದ ಬಳಸಿ, ಆಮೇಲೆ ಮೇಲಿನ ಶೆಲ್ಫಿಗೆ ಸೇರಿಸುವವರೇ ಹೆಚ್ಚು. ಪೇಟೆಯಲ್ಲಿ ಇದನ್ನು ಮಾರುವವರು ತೋರಿಸುವುದು ಈರುಳ್ಳಿ ಹೆಚ್ಚುವುದನ್ನು ಮಾತ್ರ. ಈರುಳ್ಳಿಯನ್ನೇ ಬಳಸದ ನಮ್ಮ ಮನೆಗಳಲ್ಲಿ ‘ಇದರಿಂದ ನಮಗೇನು ಪ್ರಯೋಜನ’ ಎಂದು ಅನಿಸುವುದು ಸಹಜ. ಆದರೆ ಸರಿಯಾಗಿ ಬಳಸಿದರೆ ಜೈನ ಅಡುಗೆಮನೆಗೆ ಇಷ್ಟು ಒದಗುವ ಸಾಧನ ಕಡಿಮೆ. ಹಾಗೆಯೇ, ನಮ್ಮ ಮನೆಗಳಲ್ಲಿ ಇದನ್ನು ಬಳಸುವಾಗ ಬೇರೆಯವರಿಗಿಲ್ಲದ ಒಂದು ಎಚ್ಚರವೂ ಬೇಕು. ಎರಡನ್ನೂ ಇಲ್ಲಿ ವಿವರಿಸಲಾಗಿದೆ.

ಇದು ಕೆಲಸ ಮಾಡುವ ರೀತಿ

ಚಾಪರ್‌ನಲ್ಲಿ ಇರುವುದು ಮೂರು ಭಾಗ: ಬಟ್ಟಲು, ನಡುವೆ ನಿಲ್ಲುವ ಬ್ಲೇಡು ಮತ್ತು ಮುಚ್ಚಳ. ಮುಚ್ಚಳದೊಳಗೆ ಒಂದು ರಾಟೆ, ಅದಕ್ಕೆ ಸುತ್ತಿದ ದಾರ ಮತ್ತು ಒಂದು ಸ್ಪ್ರಿಂಗ್ ಇರುತ್ತವೆ. ದಾರ ಎಳೆದಾಗ ರಾಟೆ ತಿರುಗಿ ಬ್ಲೇಡನ್ನು ತಿರುಗಿಸುತ್ತದೆ. ಬಿಟ್ಟಾಗ ಸ್ಪ್ರಿಂಗ್ ದಾರವನ್ನು ಒಳಕ್ಕೆ ಸುತ್ತಿಕೊಳ್ಳುತ್ತದೆ. ಬ್ಲೇಡಿನ ಅಲಗುಗಳು ಒಂದರ ಮೇಲೊಂದು ಬೇರೆ ಬೇರೆ ಎತ್ತರದಲ್ಲಿ ಇರುವುದರಿಂದ ಮೇಲಿನ ಮತ್ತು ಕೆಳಗಿನ ತುಂಡುಗಳು ಒಟ್ಟಿಗೇ ಕತ್ತರಿಸಲ್ಪಡುತ್ತವೆ.

ಕರೆಂಟ್ ಬೇಡ, ಮಿಕ್ಸಿಯಂತೆ ಸದ್ದೂ ಇಲ್ಲ. ಬೆಳಗಿನ ಜಾವ ಮಕ್ಕಳು ಮಲಗಿರುವಾಗಲೂ ಬಳಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಸಣ್ಣಗೆ ಆಗಬೇಕು ಎಂಬುದು ನಮ್ಮ ಕೈಯಲ್ಲೇ ಇರುತ್ತದೆ. ಅಂದಾಜು ಲೆಕ್ಕ ಹೀಗಿದೆ:

- 3–4 ಸಲ ಎಳೆದರೆ ದಪ್ಪ ತುಂಡು
- 8–10 ಸಲ ಎಳೆದರೆ ಪಲ್ಯ, ಉಪ್ಪಿಟ್ಟಿಗೆ ಬೇಕಾದ ಸಣ್ಣ ತುಂಡು
- 15–20 ಸಲ ಎಳೆದರೆ ತರಿತರಿ ಚಟ್ನಿಯ ಹದ

ಬಟ್ಟಲನ್ನು ಅರ್ಧ, ಹೆಚ್ಚೆಂದರೆ ಮುಕ್ಕಾಲು ಭಾಗ ಮಾತ್ರ ತುಂಬಬೇಕು. ತರಕಾರಿಯನ್ನು ಮೊದಲು ಒಂದಂಗುಲದ ತುಂಡು ಮಾಡಿಕೊಳ್ಳಬೇಕು. ಇಡೀ ತುಂಬಿದರೆ ಕೆಳಗಿನದು ನುಣ್ಣಗಾಗಿ ಮೇಲಿನದು ಹಾಗೇ ಉಳಿಯುತ್ತದೆ.

ಮೊದಲ ನಿಯಮ: ಚಾಪರ್‌ಗೆ ಕಣ್ಣಿಲ್ಲ

ನಮ್ಮ ಅಜ್ಜಿಯರು ಈಳಿಗೆ ಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚುತ್ತಿದ್ದರು. ಕರಾವಳಿಯಲ್ಲಿ ಇದಕ್ಕೆ ಮೆಟ್ಟುಕತ್ತಿ ಎನ್ನುತ್ತಾರೆ. ಅಲ್ಲಿ ಒಂದೊಂದು ಕಾಯಿಯೂ ಸೀಳಿದ ಕೂಡಲೇ ಕಣ್ಣ ಮುಂದೆ ತೆರೆದುಕೊಳ್ಳುತ್ತಿತ್ತು. ಒಳಗೆ ಹುಳ ಇದ್ದರೆ ಅಲಗು ತಾಗುವ ಮೊದಲೇ ಕಾಣುತ್ತಿತ್ತು. ಅದನ್ನು ಮೆಲ್ಲಗೆ ಬೇರ್ಪಡಿಸಿ ಹಿತ್ತಲಲ್ಲಿ ಬಿಟ್ಟು ಬರುತ್ತಿದ್ದರು. ಹೆಚ್ಚುವ ಕೆಲಸವೂ ನೋಡುವ ಕೆಲಸವೂ ಅಲ್ಲಿ ಒಂದೇ ಆಗಿತ್ತು.

ಚಾಪರ್‌ನಲ್ಲಿ ಆ ಅವಕಾಶ ಇಲ್ಲ. ಮುಚ್ಚಳ ಹಾಕಿದ ಮೇಲೆ ಒಳಗೆ ಏನಿದ್ದರೂ ನುಚ್ಚಾಗುತ್ತದೆ. ಹಾಗಾಗಿ ಹಿಂಸೆ ಆಗಬಾರದೆಂದು ಕಂದಮೂಲವನ್ನೇ ಬಿಟ್ಟ ಮನೆಯಲ್ಲಿ, ಅವಸರದ ಒಂದು ಎಳೆತದಿಂದ ತ್ರಸ ಜೀವಿಯ ಹಿಂಸೆ ಆಗಿಬಿಡಬಹುದು. ಇದಕ್ಕೆ ಪರಿಹಾರ ಚಾಪರ್ ಬಿಡುವುದಲ್ಲ, ನೋಡುವ ಕೆಲಸವನ್ನು ಪ್ರತ್ಯೇಕವಾಗಿ ಮೊದಲೇ ಮಾಡುವುದು.

- ದೊಣ್ಣೆ ಮೆಣಸಿನಕಾಯಿ, ಹೀರೆಕಾಯಿ, ಟೊಮೆಟೊ: ಕೈಯಿಂದ ಸೀಳಿ, ಬೆಳಕಿನಲ್ಲಿ ಒಳಭಾಗ ನೋಡಿದ ಮೇಲೆ ತುಂಡು ಮಾಡಬೇಕು.
- ಬಟಾಣಿ, ತೊಗರಿಕಾಯಿ, ಅವರೆಕಾಯಿ: ಸುಲಿದು ಒಂದೊಂದು ಕಾಳನ್ನೂ ನೋಡಬೇಕು. ತೂತು ಇದ್ದ ಕಾಳನ್ನು ಬೇರೆ ಇಡಬೇಕು.
- ಬೀನ್ಸ್, ಚವಳಿಕಾಯಿ: ನಾರು ತೆಗೆಯುವಾಗಲೇ ತೂತು, ಕಪ್ಪು ಕಲೆ ಇರುವುದನ್ನು ಬಿಡಿಸಿ ನೋಡಬೇಕು.
- ಕೊತ್ತಂಬರಿ, ಪುದೀನ, ಮೆಂತ್ಯ: ಎಲೆ ಎಲೆಯಾಗಿ ಆಯ್ದು, ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಬೇಕು. ಎಲೆಯ ಹಿಂಭಾಗ ನೋಡುವುದನ್ನು ಮರೆಯಬಾರದು. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರಿಗೆ ಈ ಪ್ರಶ್ನೆಯೇ ಇಲ್ಲ.

ಸೀಳಿ ನೋಡಲು ಸಾಧ್ಯವಾಗದ ಯಾವ ತರಕಾರಿಯೂ ಚಾಪರ್‌ಗೆ ಹೋಗಬಾರದು. ಇಷ್ಟು ಪಾಲಿಸಿದರೆ ಸಾಕು.

ಸೂರ್ಯಾಸ್ತದ ಮೊದಲಿನ ಊಟಕ್ಕೆ ಸಹಾಯ

ರಾತ್ರಿ ಭೋಜನ ತ್ಯಾಗ ಮಾಡಿದ ಮನೆಗಳಲ್ಲಿ ಸಂಜೆಯ ಸಮಯ ಬಹಳ ಕಡಿಮೆ. ಬೆಂಗಳೂರಿನಲ್ಲಿ ಜೂನ್ ಕೊನೆಗೆ ಸೂರ್ಯಾಸ್ತ 6.50ರ ಹತ್ತಿರ ಆದರೆ, ನವೆಂಬರ್ ಕೊನೆಯಲ್ಲಿ 5.50ಕ್ಕೇ ಆಗುತ್ತದೆ. ಒಂದು ಗಂಟೆಯೇ ಕಡಿಮೆಯಾಗುತ್ತದೆ. ಕೆಲಸದಿಂದ ಬರುವ ಸೊಸೆ, ಶಾಲೆಯಿಂದ ಬರುವ ಮಕ್ಕಳು, ಅಂಗಡಿಯಿಂದ ಬರುವ ಗಂಡಸರು ಎಲ್ಲರಿಗೂ ಬೆಳಕಿರುವಾಗಲೇ ಊಟ ಆಗಬೇಕೆಂದರೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಈ ನಿಯಮ ಸಡಿಲವಾದದ್ದು ಶ್ರದ್ಧೆ ಕಡಿಮೆಯಾಗಿ ಅಲ್ಲ, ಸಮಯ ಸಾಲದೆ.

ಇದಕ್ಕೆ ಒಂದು ಸುಲಭ ಕ್ರಮ ಇದೆ. ಬೀನ್ಸ್ ಆಯುವುದು, ಬಟಾಣಿ ಸುಲಿದು ನೋಡುವುದು ಇಂಥ ನಿಧಾನದ ಕೆಲಸವನ್ನು ಬೆಳಗಿನ ಬೆಳಕಿನಲ್ಲಿ ಮುಗಿಸಬೇಕು. ಸಂಜೆ ಬಂದ ಮೇಲೆ ಹೆಚ್ಚುವ ಕೆಲಸವನ್ನು ಮಾತ್ರ ಚಾಪರ್‌ಗೆ ಬಿಡಬೇಕು. ಹೆಚ್ಚಿದ ತರಕಾರಿಯನ್ನು ಬೆಳಗಿನಿಂದ ಫ್ರಿಜ್‌ನಲ್ಲಿ ಇಡುವ ಅಗತ್ಯವೂ ಬರುವುದಿಲ್ಲ. ಆಗ ಹೆಚ್ಚಿದ್ದು ಆಗಲೇ ಒಲೆಗೆ ಹೋಗುತ್ತದೆ.

ಹತ್ತು ಉಪಯೋಗಗಳು

1. ಉಪ್ಪಿಟ್ಟು, ಅವಲಕ್ಕಿ: ಬೀನ್ಸ್, ದೊಣ್ಣೆ ಮೆಣಸಿನಕಾಯಿ, ಟೊಮೆಟೊ, ಹಸಿ ಮೆಣಸಿನಕಾಯಿ ಸೇರಿಸಿ ಎಂಟು ಸಲ ಎಳೆದರೆ ಸಾಕು. ಮೊದಲು ಬೀನ್ಸ್ ಹಾಕಿ ಎಳೆದು, ಟೊಮೆಟೊವನ್ನು ಕೊನೆಗೆ ಹಾಕಬೇಕು. ಇಲ್ಲವಾದರೆ ಎಲ್ಲವೂ ರಸವಾಗುತ್ತದೆ. ಒಗ್ಗರಣೆಗೆ ಇಂಗು ಇದ್ದರೆ ಈರುಳ್ಳಿಯ ನೆನಪೂ ಬರುವುದಿಲ್ಲ.

2. ಕೋಸಂಬರಿ: ಸೌತೆಕಾಯಿಗೆ ಮೂರೇ ಎಳೆತ. ಹೆಚ್ಚು ಎಳೆದರೆ ನೀರು ಬಿಡುತ್ತದೆ. ಮಾವಿನಕಾಯಿಯ ತುಂಡಿಗೆ ಏಳೆಂಟು ಎಳೆತ ಬೇಕು. ನೆನೆಸಿದ ಹೆಸರುಬೇಳೆಯನ್ನು ಚಾಪರ್‌ಗೆ ಹಾಕದೆ ಆಮೇಲೆ ಬೆರೆಸಬೇಕು.

3. ಹುರಿದ ಶೇಂಗಾ: ಮಿಕ್ಸಿಯಲ್ಲಿ ಶೇಂಗಾ ಕ್ಷಣದಲ್ಲೇ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಚಾಪರ್‌ನಲ್ಲಿ ತರಿತರಿಯಾಗಿ ಉಳಿಯುತ್ತದೆ. ಸಬ್ಬಕ್ಕಿ ಖಿಚಡಿ, ಚಿಕ್ಕಿ, ಶೇಂಗಾ ಉಂಡೆಗೆ ಇದೇ ಹದ ಬೇಕು. ಹುರಿದು ಆರಿದ ಮೇಲೆ ಸಿಪ್ಪೆ ಉಜ್ಜಿ ಕೇರಿ ಹಾಕಬೇಕು.

4. ಗೋಡಂಬಿ, ಬಾದಾಮಿ, ಬೀಜ ತೆಗೆದ ಖರ್ಜೂರ: ಪಾಯಸ, ಶಿರಾ, ಉಂಡೆಗಳಿಗೆ. ಖರ್ಜೂರ ಬ್ಲೇಡಿಗೆ ಅಂಟುತ್ತದೆ. ಗೋಡಂಬಿಯ ಜೊತೆ ಸೇರಿಸಿ ಎಳೆದರೆ ಅಂಟು ಕಡಿಮೆ. ಖರ್ಜೂರವನ್ನೂ ಸೀಳಿ ಒಳಗೆ ನೋಡಿಯೇ ಹಾಕಬೇಕು.

5. ಹಸಿ ಮೆಣಸಿನಕಾಯಿ ಖಾರ: ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯ ಜೊತೆ ಇದು ಬೇಕೇ ಬೇಕು. ಸೀಳಿ, ಎಣ್ಣೆಯಲ್ಲಿ ಬಾಡಿಸಿ ಆರಿಸಿದ ಮೆಣಸಿನಕಾಯಿ, ಹುರಿದ ಶೇಂಗಾ, ಜೀರಿಗೆ, ಕೊತ್ತಂಬರಿ, ಉಪ್ಪು ಹಾಕಿ ಹದಿನೈದು ಸಲ ಎಳೆಯಬೇಕು. ಕುಟ್ಟಿದ ಖಾರದಂತೆಯೇ ತರಿಯಾಗಿ ಬರುತ್ತದೆ, ಕೈ ಉರಿಯುವುದಿಲ್ಲ. ಮುಚ್ಚಳ ತೆಗೆಯುವಾಗ ಮುಖ ದೂರ ಇರಲಿ.

6. ಮಾದಲಿ: ಸಿಹಿಗೆ ಮಾಡಿದ ಗೋಧಿ ಚಪಾತಿಯನ್ನು ಆರಿಸಿ, ಹರಿದು ಚಾಪರ್‌ಗೆ ಹಾಕಿದರೆ ಕುಟ್ಟುವ ಶ್ರಮವಿಲ್ಲದೆ ಪುಡಿಯಾಗುತ್ತದೆ. ಬೆಲ್ಲದ ಪುಡಿ, ಪುಟಾಣಿ, ಹುರಿದ ಗಸಗಸೆ, ಕೊಬ್ಬರಿ ತುರಿ, ಏಲಕ್ಕಿ ಬೆರೆಸಿ, ತುಪ್ಪ ಹಾಕಿ ತಿನ್ನಬಹುದು. ಬೆಳಿಗ್ಗೆ ಮಾಡಿದ ಚಪಾತಿ ಮಿಕ್ಕಿದ್ದರೆ ಅದೇ ದಿನ ಹೀಗೆ ಬಳಸಿದರೆ ವ್ಯರ್ಥವೂ ಇಲ್ಲ, ವಾಸಿ ಊಟವೂ ಅಲ್ಲ.

7. ಪನೀರ್ ಮತ್ತು ಬೆಂದ ಬಾಳೆಕಾಯಿ: ಆಲೂಗಡ್ಡೆ ಇಲ್ಲದ ಪರಾಠಾ, ಕಟ್ಲೆಟ್‌ಗೆ ಬೆಂದ ಬಾಳೆಕಾಯಿಯೇ ಆಧಾರ. ಆರಿದ ಮೇಲೆ ಐದಾರು ಸಲ ಎಳೆದರೆ ಗಂಟಿಲ್ಲದೆ ಪುಡಿಯಾಗುತ್ತದೆ. ಬಿಸಿ ಇರುವಾಗ ಹಾಕಿದರೆ ಅಂಟಂಟಾಗುತ್ತದೆ.

8. ಮಜ್ಜಿಗೆ ಕಡೆಯುವುದು: ಎಷ್ಟೋ ಚಾಪರ್‌ಗಳ ಜೊತೆ ಪ್ಲಾಸ್ಟಿಕ್ಕಿನ ಒಂದು ಬೀಟರ್ ಕೊಟ್ಟಿರುತ್ತಾರೆ. ಅದನ್ನು ಬ್ಲೇಡಿನ ಜಾಗದಲ್ಲಿ ಸಿಕ್ಕಿಸಿ ಮೊಸರು, ನೀರು ಹಾಕಿ ಎಳೆದರೆ ಮಜ್ಜಿಗೆ ಸಿದ್ಧ. ಒಂದು ಮಾತು ನೆನಪಿರಲಿ: ದ್ವಿದಳದ ನಿಯಮ ಪಾಲಿಸುವವರು ಮೊಸರು ಹಾಕಿದ ಬಟ್ಟಲನ್ನು ಚೆನ್ನಾಗಿ ತೊಳೆದು ಒರೆಸದೆ ಅದರಲ್ಲಿ ಕಡಲೆಹಿಟ್ಟು ಕಲಸಬಾರದು, ಬೇಳೆ ಹಾಕಬಾರದು.

9. ಯಾತ್ರೆಯಲ್ಲಿ: ಶ್ರವಣಬೆಳಗೊಳ, ಧರ್ಮಸ್ಥಳ, ಮೂಡುಬಿದಿರೆ, ಹೊಂಬುಜದ ಕಡೆ ಕುಟುಂಬದೊಡನೆ ಹೋಗುವವರು ಚಿಕ್ಕ ಗಾತ್ರದ ಚಾಪರ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡರೆ, ಹೋಟೆಲ್ ಊಟ ಒಗ್ಗದವರು ಉಳಿದುಕೊಂಡ ಕಡೆಯೇ ಕೋಸಂಬರಿ, ಅವಲಕ್ಕಿ, ಹಣ್ಣಿನ ರಸಾಯನ ಮಾಡಿಕೊಳ್ಳಬಹುದು.

10. ಅಂಟುವಾಳ ಮತ್ತು ಸೋಪಿನ ಚೂರು: ಬ್ಲೇಡು ಮೊಂಡಾದ ಹಳೆಯ ಚಾಪರ್ ಬಿಸಾಡಬೇಕಿಲ್ಲ. ಬೀಜ ತೆಗೆದು ನೆನೆಸಿದ ಅಂಟುವಾಳದ ಸಿಪ್ಪೆಯನ್ನು, ಉಳಿದ ಸೋಪಿನ ಚೂರನ್ನು ಅದರಲ್ಲಿ ಸಣ್ಣಗೆ ಮಾಡಿ ನೀರಿನಲ್ಲಿ ಕರಗಿಸಿದರೆ ನೆಲ, ಪಾತ್ರೆ ತೊಳೆಯಲು ಆಗುತ್ತದೆ. ಈ ಚಾಪರ್‌ಗೆ ಗುರುತು ಹಾಕಿ ಬಚ್ಚಲ ಕಡೆ ಇಡಬೇಕು. ಮತ್ತೆ ಅಡುಗೆಗೆ ತರಬಾರದು.

ಹಿರಿಯರ ಕೈಗೆ ಮತ್ತೆ ಕೆಲಸ

ಮಂಡಿ ನೋವು ಬಂದ ಮೇಲೆ ಈಳಿಗೆ ಮಣೆಯ ಮುಂದೆ ಕೂರಲು ಆಗುವುದಿಲ್ಲ. ಕೈ ನಡುಗುವವರಿಗೆ ಚಾಕು ಕೊಡಲು ಮನೆಯವರಿಗೆ ಹೆದರಿಕೆ. ಹೀಗೆ ಇಡೀ ಮನೆಗೆ ಅಡುಗೆ ಮಾಡಿದ ಅಜ್ಜಿ ಒಂದು ದಿನ ಅಡುಗೆಮನೆಯಿಂದಲೇ ದೂರವಾಗುತ್ತಾರೆ. ‘ನೀವು ಸುಮ್ಮನೆ ಕೂತಿರಿ’ ಎಂಬ ಮಾತು ಪ್ರೀತಿಯಿಂದ ಹೇಳಿದ್ದಾದರೂ ಮನಸ್ಸಿಗೆ ನೋವು ಕೊಡುತ್ತದೆ.

ಇಂಥ ಮನೆಗಳಲ್ಲಿ ಬ್ಲೇಡು ಸಿಕ್ಕಿಸಿ, ಮುಚ್ಚಳ ಭದ್ರ ಮಾಡಿ ಚಾಪರನ್ನು ಊಟದ ಮೇಜಿನ ಮೇಲೆ ಇಟ್ಟರೆ ಅವರು ಕುರ್ಚಿಯಲ್ಲಿ ಕುಳಿತೇ ದಾರ ಎಳೆಯಬಹುದು. ಅಲಗು ಮುಚ್ಚಿದ ಬಟ್ಟಲಿನೊಳಗೆ ಇರುವುದರಿಂದ ಕೈಗೆ ತಾಗುವ ಭಯವಿಲ್ಲ. ಭುಜ ಅಥವಾ ಮಣಿಕಟ್ಟಿನ ನೋವು ಇರುವವರಿಗೆ ಮೆತ್ತನೆಯ ತರಕಾರಿ ಮಾತ್ರ ಕೊಡಬೇಕು. ಸೊಪ್ಪು, ಕಾಳು ಆಯ್ದು ನೋಡುವ ಕೆಲಸವನ್ನಂತೂ ಅವರಷ್ಟು ತಾಳ್ಮೆಯಿಂದ ಯಾರೂ ಮಾಡಲಾರರು. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವುದನ್ನು ಅವರೇ ಕಲಿಸಲಿ.

ಹಲ್ಲಿಲ್ಲದವರ ಊಟಕ್ಕೂ ಇದು ಒಳ್ಳೆಯದು. ಕಡಕ್ ಜೋಳದ ರೊಟ್ಟಿಯನ್ನು ಮುರಿದು ಹಾಕಿ ಆರು ಸಲ ಎಳೆದು, ಬಿಸಿ ಬೇಳೆಯ ಕಟ್ಟಿನಲ್ಲಿ ನೆನೆಸಿ ಕೊಟ್ಟರೆ ರೊಟ್ಟಿಯ ರುಚಿ ತಪ್ಪುವುದಿಲ್ಲ. ಪಪಾಯ, ಚಿಕ್ಕು, ಬಾಳೆಹಣ್ಣನ್ನೂ ಹೀಗೇ ಮೆತ್ತಗೆ ಮಾಡಿ ಕೊಡಬಹುದು.

ಹಾಕಬಾರದ ವಸ್ತುಗಳು

- ಇಡೀ ಬೆಲ್ಲದ ಉಂಡೆ, ಒಣ ಕೊಬ್ಬರಿಯ ದಪ್ಪ ಹೋಳು, ಅಡಿಕೆ, ಐಸ್: ಬ್ಲೇಡು ಬಾಗುತ್ತದೆ, ದಾರ ತುಂಡಾಗುತ್ತದೆ.
- ಕುದಿಯುವ ಬಿಸಿ ಪದಾರ್ಥ: ಪ್ಲಾಸ್ಟಿಕ್ ಬಟ್ಟಲಿಗೆ ಒಳ್ಳೆಯದಲ್ಲ.
- ಕಲಸಿದ ಹಿಟ್ಟಿನ ಮುದ್ದೆ: ಬ್ಲೇಡಿಗೆ ಸುತ್ತಿಕೊಳ್ಳುತ್ತದೆ.
- ಬೆಂಡೆಕಾಯಿ: ಲೋಳೆಯಾಗುತ್ತದೆ. ಚಾಕುವಿನಲ್ಲೇ ಹೆಚ್ಚುವುದು ಒಳ್ಳೆಯದು.

ಬಳಕೆ ಮತ್ತು ಶುಚಿತ್ವ

ಒಂದು ಅಂಗೈಯಿಂದ ಮುಚ್ಚಳ ಒತ್ತಿ ಹಿಡಿದು, ದಾರವನ್ನು ಅಡ್ಡಲಾಗಿ ನೇರ ಎಳೆಯಬೇಕು. ಮೇಲಕ್ಕೆ ಎಳೆದರೆ ದಾರ ತೂತಿನ ಅಂಚಿಗೆ ಉಜ್ಜಿ ಬೇಗ ಸವೆಯುತ್ತದೆ. ಎಳೆದ ಮೇಲೆ ಹಿಡಿಕೆಯನ್ನು ಥಟ್ಟನೆ ಬಿಡದೆ, ಕೈಯಲ್ಲಿ ಹಿಡಿದೇ ಒಳಕ್ಕೆ ಬಿಡಬೇಕು. ಕೆಲಸ ಮುಗಿದ ಕೂಡಲೇ ಮೊದಲು ಬ್ಲೇಡನ್ನು ಅದರ ಪ್ಲಾಸ್ಟಿಕ್ ಕಾಂಡ ಹಿಡಿದು ಹೊರಗೆ ತೆಗೆಯಬೇಕು, ಆಮೇಲೆ ಬಟ್ಟಲಿಗೆ ಕೈ ಹಾಕಬೇಕು. ಹೆಚ್ಚಿನ ಗಾಯಗಳು ಆಗುವುದು ಇಲ್ಲಿಯೇ. ಸೋಪಿನ ನೀರು ತುಂಬಿದ ಪಾತ್ರೆಯೊಳಗೆ ಬ್ಲೇಡನ್ನು ಬಿಡಬಾರದು, ಕೈ ಹಾಕುವವರಿಗೆ ಅದು ಕಾಣುವುದಿಲ್ಲ.

ಮುಚ್ಚಳವನ್ನು ನೀರಿನಲ್ಲಿ ಮುಳುಗಿಸಬಾರದು. ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ದಾರ ಒದ್ದೆಯಾಗಿ ವಾಸನೆ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಆರಿಸಬೇಕು. ದಾರದ ತೂತಿನ ಬಳಿ ಆಹಾರದ ಚೂರು ಉಳಿದರೆ ಇರುವೆ, ಜಿರಳೆ ಒಳಗೆ ಸೇರುತ್ತವೆ. ಮಾರನೆಯ ದಿನ ದಾರ ಎಳೆದರೆ ಅವುಗಳ ಗತಿ ಏನೆಂದು ಹೇಳಬೇಕಿಲ್ಲ. ಆದ್ದರಿಂದ ಒಣಗಿದ ಚಾಪರನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಡುವುದು, ಮತ್ತೆ ಬಳಸುವ ಮೊದಲು ಒಮ್ಮೆ ತಟ್ಟಿ ನೋಡುವುದು ಒಳ್ಳೆಯ ಅಭ್ಯಾಸ. ಮುನಿಗಳ ಆಹಾರದಾನಕ್ಕೆ ಪ್ರತ್ಯೇಕ ಪಾತ್ರೆ ಇಡುವ ಮನೆಗಳು ಇದನ್ನೂ ಪ್ರತ್ಯೇಕವಾಗಿಯೇ ಇಡಬೇಕು. ಈರುಳ್ಳಿ ಹೆಚ್ಚುವ ಮನೆಗೆ ಎರವಲು ಕೊಟ್ಟು ತರುವುದು ಬೇಡ.

ಕೊಳ್ಳುವಾಗ

ಸಾಮಾನ್ಯವಾಗಿ 450, 650, 900 ಮಿ.ಲೀ. ಗಾತ್ರಗಳು ಸಿಗುತ್ತವೆ. ನಾಲ್ಕು ಜನರ ಮನೆಗೆ 650ರದ್ದು ಸರಿ. ಯಾತ್ರೆಗೆ, ಇಬ್ಬರೇ ಇರುವ ಮನೆಗೆ ಚಿಕ್ಕದು ಸಾಕು. ಅಂಗಡಿಯಲ್ಲೇ ನಾಲ್ಕು ಸಲ ದಾರ ಎಳೆದು, ಅದು ತಡೆಯದೆ ಒಳಗೆ ಹೋಗುತ್ತದೆಯೇ ನೋಡಿ. ಅಲಗು ಸ್ಟೀಲಿನದೇ, ಬುಡದಲ್ಲಿ ಜಾರದಂತೆ ರಬ್ಬರ್ ಇದೆಯೇ, ಮುಚ್ಚಳ ತಿರುಗಿಸಿ ಭದ್ರವಾಗುತ್ತದೆಯೇ, ಬ್ಲೇಡು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ ಕೊಳ್ಳಿ. ಬಟ್ಟಲು ಪಾರದರ್ಶಕವಾಗಿದ್ದರೆ ಹದ ನೋಡಲು ಅನುಕೂಲ.

ಉಳಿಸಿದ ಹತ್ತು ನಿಮಿಷವನ್ನು ತರಕಾರಿ ನೋಡುವುದಕ್ಕೆ ಕೊಟ್ಟರೆ, ಈ ಸಣ್ಣ ಸಾಧನದಿಂದ ಸಂಜೆಯ ಊಟವೂ ಹೊತ್ತಿಗೆ ಆಗುತ್ತದೆ, ಮನೆಯ ಆಚಾರವೂ ಉಳಿಯುತ್ತದೆ.