ಎಚ್.ಐ.ವಿ.: ಭಯ ಬೇಡ, ಅರಿವು ಬೇಕು



ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಆಗಸ್ಟ್ 29ರಂದು ಧ್ವಜವೇರಿತೆಂದರೆ, ಸೆಪ್ಟೆಂಬರ್ 8ರ ಹಬ್ಬದವರೆಗೆ ಹಲಸೂರು, ಇಂದಿರಾನಗರ, ಕೆ.ಆರ್. ಪುರದಿಂದ ಕಾವಿ ತೊಟ್ಟು ನಾವೆಲ್ಲ ಬರುತ್ತೇವೆ. ಮಾತೆಯ ಮುಂದೆ ಮೊದಲು ಬೇಡುವುದು ಆರೋಗ್ಯವನ್ನೇ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳುತ್ತೇವೆ. ಎಚ್.ಐ.ವಿ. ಎಂಬ ಹೆಸರನ್ನು ಮಾತ್ರ ಮನೆಯವರ ಮುಂದೆಯೂ ನುಂಗಿಕೊಳ್ಳುತ್ತೇವೆ. ಹೀಗೆ ಬಚ್ಚಿಟ್ಟುಕೊಂಡವರು ಆಸ್ಪತ್ರೆಗೆ ತಡವಾಗಿ ಹೋಗುತ್ತಾರೆ. ಪ್ರಾಣಕ್ಕೆ ಅಪಾಯ ಬರುವುದು ಅಲ್ಲಿಯೇ.

ಎಚ್.ಐ.ವಿ. ಒಂದು ವೈರಾಣು. ಅದು ದೇಹವನ್ನು ಕಾಯುವ ಬಿಳಿ ರಕ್ತಕಣಗಳನ್ನು ನಾಶಮಾಡುತ್ತದೆ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿ, ಕ್ಷಯದಂಥ ರೋಗಗಳು ಮುತ್ತುವ ಸ್ಥಿತಿಯೇ ಏಡ್ಸ್. ಸೋಂಕು ತಗುಲಿದವರೆಲ್ಲರಿಗೂ ಏಡ್ಸ್ ಬಂದೇ ಬರುತ್ತದೆಂದಿಲ್ಲ.

ಹೇಗೆ ಹರಡುತ್ತದೆ?

ಸೋಂಕುಳ್ಳವರೊಡನೆ ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚುವುದರಿಂದ, ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ, ಒಂದೇ ಶೌಚಾಲಯ ಬಳಸಿದರೆ, ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ. ದೇವಾಲಯದ ತೀರ್ಥದಲ್ಲಿ ಬೆರಳದ್ದಿದರೂ ಹರಡುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಓಡಿದ್ದಕ್ಕೆ ಕಾರಣವಿತ್ತು. ಎಚ್.ಐ.ವಿ. ಇರುವ ಅಣ್ಣನಿಗೆ ತಟ್ಟೆ, ಲೋಟ ಬೇರೆ ಇಡುವುದಕ್ಕೆ ಯಾವ ಕಾರಣವೂ ಇಲ್ಲ.

ತಡೆಯುವುದು ಹೇಗೆ?

ಮದುವೆಗೆ ಮೊದಲು ಶೀಲ, ಮದುವೆಯ ನಂತರ ಪರಸ್ಪರ ನಿಷ್ಠೆ ಎಂದು ಧರ್ಮಸಭೆ ಬೋಧಿಸುತ್ತದೆ. ಕಾಂಡೋಮ್ ಸೋಂಕಿನ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆ ಎಂಬುದು ವೈದ್ಯಕೀಯ ಸತ್ಯ. ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದರೆ ಇಬ್ಬರೂ ವೈದ್ಯರನ್ನು ಕಾಣಬೇಕು. ಪರೀಕ್ಷಿಸಿದ ರಕ್ತ, ಹೊಸ ಸೂಜಿ ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳೋಣ. ಗರ್ಭಿಣಿಯರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಚಿಕಿತ್ಸೆಯಿಲ್ಲದಿದ್ದರೆ ಮಗುವಿಗೆ ಸೋಂಕು ತಗುಲುವ ಸಂಭವ ಶೇಕಡ 15ರಿಂದ 45. ಸರಿಯಾದ ಚಿಕಿತ್ಸೆಯಿದ್ದರೆ ಅದು ಶೇಕಡ 5ಕ್ಕಿಂತಲೂ ಕಡಿಮೆ.

ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಯಲ್ಲಿ ಕಾಣದಿರಬಹುದು. ಆದ್ದರಿಂದ ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕು. 2004ರಿಂದ ಸರ್ಕಾರ ಎ.ಆರ್.ಟಿ. ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ಬೆಸಿಲಿಕಾದ ಸಮೀಪದ ಬೌರಿಂಗ್ ಆಸ್ಪತ್ರೆಯಲ್ಲೂ ಈ ಚಿಕಿತ್ಸೆ ಸಿಗುತ್ತದೆ. ದಿನವೂ ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಮಾಹಿತಿಗೆ 1097ಕ್ಕೆ ಕರೆ ಮಾಡಬಹುದು. ಸೋಂಕಿತರನ್ನು ಕೆಲಸದಲ್ಲಿ, ಶಾಲೆಯಲ್ಲಿ, ಬಾಡಿಗೆ ಮನೆಯಲ್ಲಿ ಭೇದದಿಂದ ಕಾಣುವುದನ್ನು 2017ರ ಕಾಯಿದೆ ನಿಷೇಧಿಸಿದೆ.

ಯೇಸುಸ್ವಾಮಿ ಕುಷ್ಠರೋಗಿಯನ್ನು ದೂರದಿಂದಲೇ ಮಾತಿನಿಂದ ಗುಣಪಡಿಸಬಹುದಿತ್ತು. ಆದರೂ ಕೈಚಾಚಿ ಮುಟ್ಟಿದರು. ಸರ್ಜಾಪುರ ರಸ್ತೆಯ 'ಸ್ನೇಹದಾನ'ದಲ್ಲಿ ಕಮಿಲಿಯನ್ ಗುರುಗಳು ಸೋಂಕಿತರ ಆರೈಕೆಗೆ ಕೈಹಾಕಿದ್ದೂ ಅದೇ ಪ್ರೀತಿಯಿಂದ. "ಇದು ಯಾರಿಂದ ಬಂತು?" ಎಂದು ಕೇಳುವ ಮೊದಲು "ಊಟ ಆಯಿತೇ, ಮಾತ್ರೆ ತಗೊಂಡೆಯಾ?" ಎಂದು ಕೇಳೋಣ. ಈ ಹಬ್ಬದ ದಿನ ಅವರನ್ನೂ ನಮ್ಮ ಪಂಕ್ತಿಯಲ್ಲೇ ಕೂರಿಸೋಣ. ಮಾತೆಗೆ ನಾವು ಸಲ್ಲಿಸುವ ಕಾಣಿಕೆ ಅದೇ ಆಗಲಿ.