ಮುಳ್ಳುಮೆಳೆಯ ನಡುವೆ ಮೋಜಣಿ: ಕಾಲ ಮತ್ತು ವೆಚ್ಚಗಳ ಅಂದಾಜು

1

ಭೂಮಿಯನ್ನು ಅಳೆಯುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ದತ್ತಿಯ ಭೂಮಿಯನ್ನು ಮತ್ತರು, ಕಂಬಗಳ ಲೆಕ್ಕದಲ್ಲಿ ಹೇಳಿ, ಅಳೆದ ಗಳೆ ಇಂಥದೆಂದು ಹೆಸರಿಸಿ, ಎಲ್ಲೆಯನ್ನು ಕಲ್ಲು, ಹುತ್ತ, ಹಳ್ಳ, ಮರಗಳಿಂದ ಗುರುತಿಸುವ ಪದ್ಧತಿ ಶಾಸನಗಳನ್ನು ಓದಿದವರಿಗೆ ಸುಪರಿಚಿತವಾದುದು. ಗಳೆಯೆಂದರೆ ಅಳತೆಯ ಕೋಲು. ಅದರ ಉದ್ದವು ಎಲ್ಲೆಡೆಯೂ ಒಂದೇ ಆಗಿರದಿದ್ದುದರಿಂದಲೇ ಅದನ್ನು ಹೆಸರಿಸುವ ಅಗತ್ಯವುಂಟಾಯಿತು. ಇಂದು ಬಳಕೆಯಲ್ಲಿರುವ ಮೋಜಣಿ ಎಂಬ ಮಾತು ಮರಾಠಿಯಿಂದಲೂ, ಜರೀಬು ಎಂಬುದು ಪಾರಸಿಯ ಮೂಲಕವೂ ಬಂದವು. ಮಾತುಗಳು ಬದಲಾದರೂ ಅಳೆಯುವವನಿಗೆ ಎದುರಾಗುವ ಕಷ್ಟ ಬದಲಾಗಿಲ್ಲ: ಕಲ್ಲಿನಿಂದ ಕಲ್ಲಿಗೆ ಕಣ್ಣು ಹಾಯದಿದ್ದರೆ ಕೋಲೂ ಸರಪಳಿಯೂ ನೇರವಾಗಿ ಹಾಯಲಾರವು. ಇಂತಹ ನೆಲದಲ್ಲಿ ಅಳತೆಗೆ ಎಷ್ಟು ದಿನ, ಎಷ್ಟು ಹಣ ಬೇಕೆಂಬುದನ್ನು ಮುಂದಾಗಿ ನಿಶ್ಚಯಿಸುವ ಕ್ರಮವೇ ಪ್ರಕೃತ ವಿಷಯ.

2

ರಾಯಚೂರು ಜಿಲ್ಲೆಯಲ್ಲಿ ಕಾಡು ಅತ್ಯಲ್ಪ; ಮಳೆಯೂ ಕಡಮೆ. ಆದರೂ ಮೋಜಣಿಗೆ ಅಡ್ಡಿಯಾಗುವ ಮೆಳೆಗೆ ಇಲ್ಲಿ ಕೊರತೆಯಿಲ್ಲ. ಕೃಷ್ಣೆಯ ದಂಡೆಯ ದೇವದುರ್ಗದ ಕಡೆ ಕಲ್ಲುಗುಡ್ಡಗಳೂ ಕೊರಕಲುಗಳೂ, ತುಂಗಭದ್ರೆಯ ದಂಡೆಯ ಮಾನ್ವಿಯ ಕಡೆ ಎರೆಭೂಮಿಯೂ ಕಾಲುವೆಯ ಬದಿಯ ಜಂಬುಹುಲ್ಲೂ, ರಾಯಚೂರು ನಗರದ ಅಂಚಿನಲ್ಲಿ ಪಾಳುಬಿದ್ದ ನಿವೇಶನಗಳೂ ಉಂಟು. ಈ ಮೂರೆಡೆಯಲ್ಲಿಯೂ ಸಮಾನವಾಗಿ ಕಾಣುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಗಿಡವನ್ನು 1877ರಲ್ಲಿ ಕಡಪ ಜಿಲ್ಲೆಗೆ ತರಲಾಯಿತು. ಅನಂತರ ಅದು ದಖ್ಖನದ ಒಣನೆಲದಲ್ಲೆಲ್ಲ ಹರಡಿತು. ಬೇಸಗೆಯಲ್ಲಿಯೂ ಅದು ಹಸುರಾಗಿಯೇ ಇರುವುದರಿಂದ ಎಲೆಯುದುರುವ ಕಾಲವನ್ನು ಕಾದು ಪ್ರಯೋಜನವಿಲ್ಲ. ಕಡಿದ ಬುಡದಿಂದ ಮತ್ತೆ ಚಿಗುರುವುದರಿಂದ ಹಿಂದೆ ತೆರೆದ ಗೆರೆಯನ್ನು ನಂಬುವಂತೆಯೂ ಇಲ್ಲ.

3

ಅಂದಾಜಿನಲ್ಲಿ ಸಾಮಾನ್ಯವಾಗಿ ಸಂಭವಿಸುವ ಮೊದಲನೆಯ ದೋಷವೆಂದರೆ ಎಕರೆಗೆ ಇಷ್ಟೆಂದು ದರ ಕಟ್ಟುವುದು. ಇದು ಏಕೆ ಸಲ್ಲದೆಂಬುದನ್ನು ಸರಪಳಿಯ ಲೆಕ್ಕದಿಂದಲೇ ತಿಳಿಯಬಹುದು. 33 ಅಡಿಯ ಸರಪಳಿಯಲ್ಲಿ 16 ಆಣೆಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹತ್ತು ಎಕರೆಯ ಚೌಕಾಕಾರದ ಹೊಲಕ್ಕೆ ಒಂದೊಂದು ಪಕ್ಕ 20 ಸರಪಳಿ, ಸುತ್ತಳತೆ 80 ಸರಪಳಿ. ಅದೇ ಹತ್ತು ಎಕರೆ 5 ಸರಪಳಿ ಅಗಲ, 80 ಸರಪಳಿ ಉದ್ದದ ಪಟ್ಟಿಯಾಗಿದ್ದರೆ ಸುತ್ತಳತೆ 170 ಸರಪಳಿ. ನಲವತ್ತು ಎಕರೆಯ ಚೌಕಕ್ಕಾದರೋ ಕೇವಲ 160. ಎಂದರೆ, ಉದ್ದನೆಯ ಹತ್ತು ಎಕರೆಯನ್ನು ಸುತ್ತುವುದು ಚೌಕವಾದ ನಲವತ್ತು ಎಕರೆಯನ್ನು ಸುತ್ತುವುದಕ್ಕಿಂತ ಹೆಚ್ಚಿನ ಕೆಲಸ. ಮೆಳೆಯನ್ನು ಕಡಿಯುವುದು ಗೆರೆಯ ಉದ್ದಕ್ಕೇ ಹೊರತು ಹೊಲದ ಒಳಗೆಲ್ಲ ಅಲ್ಲ. ಆದುದರಿಂದ ಅಂದಾಜಿನ ಮೂಲಮಾನ ಎಕರೆಯಲ್ಲ, ತೆರೆಯಬೇಕಾದ ಗೆರೆಯ ಉದ್ದ.

4

ಎರಡನೆಯ ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಹೊಲವನ್ನು ಒಮ್ಮೆ ಸುತ್ತಿಬಂದು, ಗೆರೆಯನ್ನು ಬಯಲು, ವಿರಳ, ದಟ್ಟ ಎಂದು ಮೂರು ಬಗೆಯಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಎರಡು ಮೂರು ಸರಪಳಿಯಷ್ಟನ್ನು ಕಡಿದು ಅಳೆದು ಹಿಡಿದ ಹೊತ್ತನ್ನು ಬರೆದುಕೊಳ್ಳತಕ್ಕದ್ದು. ಉದಾಹರಣೆಗಾಗಿ, ಬಯಲಿನಲ್ಲಿ ದಿನಕ್ಕೆ 40, ವಿರಳ ಮೆಳೆಯಲ್ಲಿ 12, ದಟ್ಟ ಮೆಳೆಯಲ್ಲಿ 4 ಸರಪಳಿ ಸಾಗುವುದೆಂದು ಕಂಡುಬಂದಿತೆಂದು ಭಾವಿಸೋಣ. 80 ಸರಪಳಿಯ ಸುತ್ತಿನಲ್ಲಿ 40 ಬಯಲು, 24 ವಿರಳ, 16 ದಟ್ಟವಾಗಿದ್ದರೆ ಕ್ರಮವಾಗಿ 1, 2, 4 ದಿನಗಳು, ಒಟ್ಟು ಏಳು. ಮೂರು ವೇಗಗಳನ್ನು ಕೂಡಿಸಿ ಮೂರರಿಂದ ಭಾಗಿಸಿ ಸರಾಸರಿ ತೆಗೆದವನಿಗೆ ನಾಲ್ಕು ದಿನಕ್ಕಿಂತ ತುಸು ಹೆಚ್ಚು ಸಾಕೆಂದು ತೋರುತ್ತದೆ. ವೇಗಗಳ ಸರಾಸರಿಯು ದಟ್ಟಮೆಳೆಯ ಭಾರವನ್ನು ಮರೆಮಾಡುತ್ತದೆ: ಗೆರೆಯ ಐದನೆಯ ಒಂದು ಭಾಗವು ಕಾಲದ ಏಳರಲ್ಲಿ ನಾಲ್ಕು ಪಾಲನ್ನು ನುಂಗುತ್ತದೆ. ದಿನಗಳನ್ನು ಕೂಡಿಸಬೇಕು, ವೇಗಗಳನ್ನಲ್ಲ.

5

ವೆಚ್ಚವನ್ನು ಹಣಕ್ಕಿಂತ ಮೊದಲು ಆಳುದಿನಗಳಲ್ಲಿ ಹೇಳುವುದು ಲೇಸು. ಕೂಲಿಯ ದರ ಬದಲಾದರೂ ಲೆಕ್ಕ ಕೆಡುವುದಿಲ್ಲ. ಭೂಮಾಪಕನೊಬ್ಬ, ಸರಪಳಿ ಹಿಡಿಯುವವರಿಬ್ಬರು, ಕಡಿಯುವವರಿಬ್ಬರು ಎಂದು ಐವರ ತಂಡವು ಏಳು ದಿನವೂ ಹೊಲದಲ್ಲಿದ್ದರೆ 35 ಆಳುದಿನ. ಆದರೆ ಮೆಳೆ ಕಡಿದ ಮೇಲೆ ಎಲ್ಲ ಗೆರೆಯೂ ಬಯಲಿನಂತೆಯೇ ಆಗುವುದರಿಂದ, ಈ ಏಳರಲ್ಲಿ ಅಳತೆಗೆ ಬೇಕಾದುದು ಎರಡು ದಿನ ಮಾತ್ರ. ಉಳಿದ ಐದೂ ಕಡಿತದವು. ಭೂಮಾಪಕನೂ ಸರಪಳಿಯವರೂ ಮೊದಲ ದಿನ ದಿಕ್ಕುಗಂಬಗಳನ್ನು ನೆಟ್ಟುಹೋಗಿ (3 ಆಳುದಿನ), ಕಡಿಯುವವರಿಬ್ಬರು ಐದು ದಿನ ದುಡಿದು (10), ಕಡೆಗೆ ಐವರೂ ಎರಡು ದಿನ ಅಳೆದರೆ (10) ಒಟ್ಟು 23. ಒಂದು ದಿನ ಹೆಚ್ಚಾಯಿತು. ಹನ್ನೆರಡು ಆಳುದಿನ ಉಳಿಯಿತು. ಇದರ ಮೇಲೆ ಟಿಪ್ಪಣಿ, ಸೇತ್ವಾರ್ ಮೊದಲಾದ ಹಳೆಯ ದಾಖಲೆಗಳ ಶೋಧನೆ, ಪ್ರಯಾಣ, ಬಾಂದುಕಲ್ಲು, ನಕ್ಷೆಯ ಕೆಲಸ ಇವು ಮೆಳೆಯಿದ್ದರೂ ಇಲ್ಲದಿದ್ದರೂ ತಗಲುವ ಖರ್ಚುಗಳು; ಇವನ್ನು ಬೇರೆಯಾಗಿಯೇ ಬರೆಯತಕ್ಕದ್ದು.

ಕಡಿತವನ್ನೇ ತಗ್ಗಿಸುವ ಉಪಾಯಗಳೂ ಉಂಟು. ಎಲ್ಲೆಯ ಪಕ್ಕದ ನೆಲ ಬಯಲಾಗಿದ್ದರೆ ಲಂಬಗಳನ್ನೆಳೆದು ಸಮಾನಾಂತರ ಗೆರೆಯಲ್ಲಿ ಅಳೆಯಬಹುದು. ಎದುರಿನ ಕಲ್ಲು ಕಾಣದಿದ್ದರೆ ಸುಮಾರು ದಿಕ್ಕಿನಲ್ಲಿ ಒಂದು ಹುಡುಕುಗೆರೆಯನ್ನು ನೇರವಾಗಿ ತೆರೆದು, ಕೊನೆಯಲ್ಲಿ ಕಲ್ಲು ಎಷ್ಟು ಪಕ್ಕಕ್ಕೆ ಸಿಕ್ಕಿತೆಂದು ನೋಡಿ, ನಡುವಣ ಗುರುತುಗಳನ್ನು ಅದೇ ಪ್ರಮಾಣದಲ್ಲಿ ಸರಿಸಬಹುದು: 20 ಸರಪಳಿಯ ಕೊನೆಗೆ 4 ಆಣೆ ತಪ್ಪಿದ್ದರೆ ನಟ್ಟನಡುವೆ 2 ಆಣೆ.

6

ಋತುವನ್ನು ಲೆಕ್ಕಿಸದ ಅಂದಾಜು ಅಪಾಯಕರ. ನಿಜಾಮನ ಸೀಮೆಯ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವುಂಟು. ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾತ್ರಿಕೋಣ ಮೋಜಣಿಯಲ್ಲಿ ಅವನ ಸಹಾಯಕನಾಗಿದ್ದ ಎವರೆಸ್ಟನು 1819ರಲ್ಲಿ ಕೃಷ್ಣಾ ಗೋದಾವರಿಗಳ ನಡುವಣ ಕಾಡಿನಲ್ಲಿ ತಂಡಸಮೇತ ಜ್ವರಪೀಡಿತನಾಗಿ, ಆರೋಗ್ಯಕ್ಕಾಗಿ 1820ರಲ್ಲಿ ಕೇಪ್ ಪ್ರಾಂತಕ್ಕೆ ತೆರಳಬೇಕಾಯಿತು. ಮಳೆಯಿಂದ ತೊಳೆದ ಗಾಳಿಯಲ್ಲಿ ದೂರದೃಷ್ಟಿ ಚೆನ್ನಾಗಿರುವುದು ನಿಜ. ಆದರೆ ಆ ಲಾಭದ ಬೆಲೆಯನ್ನು ತೆತ್ತವರು ಆಳುಗಳು. ಮಾನ್ವಿಯ ಎರೆಯಲ್ಲಿ ಮಳೆಯಾದ ಮೇಲೆ ಕಾಲಿಡುವುದೇ ಕಷ್ಟ. ಬೇಸಗೆಯ ನಡುಹಗಲಿನಲ್ಲಿ ಕೊಡಲಿ ಹಿಡಿಯುವುದೂ ಅಷ್ಟೇ ಕಷ್ಟ. ಪೈರು ಕೊಯ್ದ ಬಳಿಕ, ಬಿಸಿಲೇರುವ ಮುನ್ನ ಇರುವ ಅವಧಿಯೇ ಯೋಗ್ಯ.

7

ಈಗಿನ ಉಪಗ್ರಹ ಗ್ರಾಹಕಗಳಿಂದ ಈ ಲೆಕ್ಕವೆಲ್ಲ ನಿರರ್ಥಕವಾಯಿತೆ ಎಂದು ಕೇಳಬಹುದು. ಅವಕ್ಕೆ ಕಲ್ಲಿನಿಂದ ಕಲ್ಲಿಗೆ ದೃಷ್ಟಿ ಬೇಡ. ಮೇಲೆ ಬಾನು ತೆರೆದಿದ್ದರೆ ಸಾಕು. ಆಗ ಅಂದಾಜಿನ ಮಾನವು ಗೆರೆಯ ಉದ್ದದಿಂದ ಕಲ್ಲುಗಳ ಸಂಖ್ಯೆಗೆ ಬದಲಾಗುತ್ತದೆ. ಎಕರೆಗೆ ಮಾತ್ರ ಮರಳುವುದಿಲ್ಲ. ಡ್ರೋನ್ ಚಿತ್ರವು ಗಿಡದ ತಲೆಯನ್ನು ತೋರುತ್ತದೆಯೇ ಹೊರತು ಬುಡದಲ್ಲಿ ಹೂತ ಕಲ್ಲನ್ನಲ್ಲ. ಆ ಕಲ್ಲನ್ನು ಹುಡುಕಲು ಮೆಳೆಯೊಳಗೆ ಹೊಗಲೇಬೇಕು. ಬದು ಹಾಕಲು ಗೆರೆಯನ್ನು ಇಬ್ಬರು ಹಿಡುವಳಿದಾರರಿಗೂ ನೆಲದ ಮೇಲೆ ತೋರಿಸಲೇಬೇಕು.

ಅಂದಾಜು ಕಡಮೆಯಾದಾಗ ನಷ್ಟವಾಗುವುದು ಹಣವಷ್ಟೇ ಅಲ್ಲ. ನಾಲ್ಕನೆಯ ದಿನ ಕೂಲಿಯ ಹಣ ತೀರಿದ ತಂಡವು ದಟ್ಟವಾದ ಪಕ್ಕವನ್ನು ತೆರೆಯದೆ, ಹಳೆಯ ಅಂಕಿಗಳಿಂದ ಊಹಿಸಿ ಬರೆಯುವ ಪ್ರಲೋಭನಕ್ಕೆ ಒಳಗಾಗುತ್ತದೆ. 20 ಸರಪಳಿಯ ಪಕ್ಕವೊಂದು ಉದ್ದಕ್ಕೂ ಒಂದೇ ಒಂದು ಆಣೆ, ಎಂದರೆ ಎರಡು ಅಡಿಗಿಂತ ತುಸು ಹೆಚ್ಚು, ಸರಿದರೆ ಒಂದೂಕಾಲು ಗುಂಟೆ ನೆಲ ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತದೆ. ಎರಡು ಎಕರೆಯ ರೈತನಿಗೆ ಇದು ಸಣ್ಣ ಮಾತಲ್ಲ. ನೆರೆಹೊರೆಯವರ ವ್ಯಾಜ್ಯಕ್ಕೆ ಇಷ್ಟು ಸಾಕು. ಮೊದಲೇ ಹೊಲವನ್ನು ಸುತ್ತಿ, ಗೆರೆಯನ್ನು ಬಗೆಬಗೆಯಾಗಿ ಎಣಿಸಿ, ದಟ್ಟವಾದುದಕ್ಕೆ ತಕ್ಕ ದಿನಗಳನ್ನು ಕೊಟ್ಟು ಬರೆದ ಅಂದಾಜೇ ನ್ಯಾಯವಾದ ಎಲ್ಲೆಗೆ ಮೊದಲ ಆಧಾರವೆಂಬುದು ಇಷ್ಟರಿಂದ ವಿದಿತವಾಗುವುದು.